ಮುಮ್ತಾಜ್ ಶಿರೀನ್: ಗಲಭೆಯ ಕತೆ ಹೇಗೆ ಹೇಳಬೇಕು ಅಂತ ಕೇಳಿದ ನಮ್ಮ ನೆಲದ ಉರ್ದು ಲೇಖಕಿ

ರಾಯಚೂರಿನಿಂದ ಮಾತಾಡ್ತಿದ್ದೀನಿ.

ಸೆಪ್ಟೆಂಬರ್ 17ರ ಬಗ್ಗೆ, ಅಂದ್ರೆ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ದಿನದ ಬಗ್ಗೆ ಮಾಡಿದ ಎಪಿಸೋಡ್ ಬಂದ ಮೇಲೆ ನಿಮ್ಮಿಂದ ತುಂಬಾ ವಾಯ್ಸ್ ನೋಟ್ ಬಂದವು. ಮಾನ್ವಿ ಕಡೆಯ ಒಬ್ಬರು, ರಜಾಕಾರರು ತಮ್ಮ ಊರಿಗೆ ಬಂದಾಗ ಏನಾಯ್ತು ಅಂತ ಅಜ್ಜನ ಬಾಯಲ್ಲಿ ಕೇಳಿದ್ದನ್ನ ಹೇಳಿದ್ರು. ದೇವದುರ್ಗದ ಇನ್ನೊಬ್ಬರು, ಪೊಲೀಸ್ ಆ್ಯಕ್ಷನ್ ಆದ ಮೇಲೆ ತಮ್ಮ ಮನೆತನದವರು ಯಾಕೆ ರಾತ್ರೋರಾತ್ರಿ ಊರು ಬಿಟ್ಟರು ಅಂತ ಹೇಳಿದ್ರು. ಇಬ್ಬರಿಗೂ ಒಬ್ಬರಿಗೊಬ್ಬರ ಗುರುತಿಲ್ಲ. ಆದ್ರೆ ಕೊನೆಗೆ ನನಗೆ ಕೇಳಿದ ಪ್ರಶ್ನೆ ಒಂದೇ: ನಮ್ಮ ಕಡೆ ಎಷ್ಟು ಜನ ಸತ್ತರು, ಅವರ ಕಡೆ ಎಷ್ಟು, ಯಾಕೆ ಸರಿಯಾಗಿ ಹೇಳಲಿಲ್ಲ?

ನಾನು ಓದಿದ್ದು ಬಿ.ಕಾಂ. ಎರಡೂ ಬದಿಯ ಮೊತ್ತ ತಾಳೆ ಆಗದಿದ್ರೆ ನಿದ್ದೆ ಬರಲ್ಲ ಅನ್ನೋ ಕಷ್ಟ ನನಗೂ ಗೊತ್ತು. ಆದ್ರೆ ಈ ಪ್ರಶ್ನೆಯನ್ನ ಎಪ್ಪತ್ತೈದು ವರ್ಷಕ್ಕೂ ಹಿಂದೆಯೇ ಕೈಗೆತ್ತಿಕೊಂಡು, ಇನ್ನೊಂದು ಗಲಭೆಯ ಬಗ್ಗೆ ಬರೆದ ಒಬ್ಬ ಲೇಖಕಿ ಇದ್ದಾರೆ. ಬರೆದದ್ದು ಉರ್ದುವಿನಲ್ಲಿ. ಬೆಳೆದದ್ದು ಮೈಸೂರಿನಲ್ಲಿ, ಕಾಲೇಜು ಓದಿದ್ದು ಬೆಂಗಳೂರಿನಲ್ಲಿ, ತೀರಿಕೊಂಡದ್ದು ಇಸ್ಲಾಮಾಬಾದಿನಲ್ಲಿ. ಹೆಸರು ಮುಮ್ತಾಜ್ ಶಿರೀನ್. ಇವತ್ತಿನ ಎಪಿಸೋಡ್ ಅವರ ಮೇಲೆ.

ಮೊದಲಿಗೆ, ನಮಗೂ ಉರ್ದುವಿಗೂ ಏನು ಸಂಬಂಧ ಅಂತ ಕೇಳೋರಿಗೆ ಒಂದು ಮಾತು. ರಾಯಚೂರು ಜಿಲ್ಲೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಕಾಲದಲ್ಲಿ ಕಚೇರಿ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ, ಕಾನೂನು ಎಲ್ಲಾ ಉರ್ದುವಿನಲ್ಲೇ ಕಲಿಸ್ತಿದ್ರು. ಅಂದ್ರೆ ಕೃಷ್ಣೆಯ ಕಡೆಯ ದೇವದುರ್ಗದ ಹುಡುಗನೂ ತುಂಗಭದ್ರೆಯ ಕಡೆಯ ಮಾನ್ವಿಯ ಹುಡುಗನೂ ಸರ್ಕಾರಿ ಕೆಲಸ ಬೇಕಂದ್ರೆ ಅಲಿಫ್, ಬೇ ಕಲಿಯಲೇಬೇಕಿತ್ತು, ಜಾತಿ ಧರ್ಮ ಯಾವುದೇ ಇರಲಿ. ರಾಯಚೂರಿನ ಅಂದ್ರೂನ್ ಕಿಲ್ಲಾ ಅಂದ್ರೆ ಕೋಟೆಯ ಒಳಗಡೆ, ಬೇರೂನ್ ಕಿಲ್ಲಾ ಅಂದ್ರೆ ಹೊರಗಡೆ, ತೀನ್ ಕಂದಿಲ್ ಅಂದ್ರೆ ಮೂರು ದೀಪ. ಆಟೋದವರಿಗೆ ದಿನಾ ಹೇಳೋ ಹೆಸರುಗಳು ಇವು. ಇನ್ನು ಕಾಮರ್ಸ್‌ನವರು ಹೆಮ್ಮೆಯಿಂದ ಬಳಸೋ ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ? ಎಲ್ಲಾ ಅರಬ್ಬಿ, ಪಾರಸಿಯಿಂದ ಹೊರಟು ಆ ದಾರಿಯಲ್ಲೇ ನಮ್ಮ ಬಾಯಿಗೆ ಬಂದವು.

ಮುಮ್ತಾಜ್ ಶಿರೀನ್ ನಿಜಾಮರ ಕಡೆಯವರಲ್ಲ. ಹುಟ್ಟಿದ್ದು 1924ರ ಸೆಪ್ಟೆಂಬರ್ 12ರಂದು, ಹಿಂದೂಪುರದಲ್ಲಿ. ಈಗ ಆಂಧ್ರದಲ್ಲಿರೋ, ಬೆಂಗಳೂರಿಗೆ ಹತ್ತಿರದ ಹಿಂದೂಪುರ. ತಾಯಿಯ ತಂದೆ ಟಿಪ್ಪು ಖಾಸಿಂ ಖಾನ್ ಮೊಮ್ಮಗಳನ್ನ ಮೈಸೂರಿಗೆ ಕರೆಸಿಕೊಂಡು ಬೆಳೆಸಿದ್ರು. ಹದಿಮೂರನೇ ವಯಸ್ಸಿಗೇ ಮೆಟ್ರಿಕ್. ಆಮೇಲೆ ಬೆಂಗಳೂರಿನ ಮಹಾರಾಣಿ ಕಾಲೇಜಿನಲ್ಲಿ ಬಿ.ಎ. 1942ರಲ್ಲಿ ಸಮದ್ ಶಾಹೀನ್ ಅವರ ಜೊತೆ ಮದುವೆ. ಅವರೂ ಸಾಹಿತ್ಯದ ಹುಚ್ಚಿನವರೇ.

1944 ಅವರ ಬದುಕಿನಲ್ಲಿ ದೊಡ್ಡ ವರ್ಷ. ಮೊದಲ ಕತೆ 'ಅಂಗ್ಡಾಯಿ' ದೆಹಲಿಯ 'ಸಾಖಿ' ಪತ್ರಿಕೆಯಲ್ಲಿ ಬಂತು. ಅಂಗ್ಡಾಯಿ ಅಂದ್ರೆ ನಿದ್ದೆಯಿಂದ ಎದ್ದಾಗ ಕೈ ಮೇಲೆತ್ತಿ ಮೈ ಮುರೀತೀವಲ್ಲ, ಅದು. ಕತೆಯಲ್ಲಿ ಒಬ್ಬ ಕಾಲೇಜು ಹುಡುಗಿ. ಅವಳಿಗೆ ತನ್ನ ಟೀಚರ್ ಮೇಲೆ, ಅವರೂ ಹೆಣ್ಣೇ, ಹೇಳಿಕೊಳ್ಳಲಾಗದಂಥ ಸೆಳೆತ. ಆಮೇಲೆ ಅದು ನಿಧಾನಕ್ಕೆ ಬೇರೆ ಕಡೆ ತಿರುಗುತ್ತೆ. ಇದಕ್ಕೆ ಎರಡು ವರ್ಷ ಮುಂಚೆ ಇಸ್ಮತ್ ಚುಗ್ತಾಯಿ 'ಲಿಹಾಫ್' ಬರೆದು, ಆಮೇಲೆ ಅದಕ್ಕಾಗಿ ಲಾಹೋರಿನ ಕೋರ್ಟು ಹತ್ತಿದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಶಿರೀನ್ ಅವರ ಕತೆಯಲ್ಲಿ ಅಂಥ ಸಿಡಿಲಿಲ್ಲ. ಹುಡುಗಿಯ ಮನಸ್ಸಿನೊಳಗೆ ಏನಾಗ್ತಿದೆ ಅಂತ ಮಾತ್ರ ನೋಡ್ತಾರೆ. ತೀರ್ಪು ಕೊಡಲ್ಲ, ಅವಳನ್ನ ಕೆಟ್ಟವಳು ಅನ್ನಲ್ಲ. ಇಪ್ಪತ್ತು ವರ್ಷದ, ಆಗಷ್ಟೇ ಮದುವೆಯಾದ ಹೆಣ್ಣುಮಗಳು 1944ರಲ್ಲಿ ಇದನ್ನ ಬರೆದು ತನ್ನ ಹೆಸರಿನಲ್ಲೇ ಅಚ್ಚು ಹಾಕಿಸಿದ್ರು ಅನ್ನೋದನ್ನ ಸ್ವಲ್ಪ ಯೋಚನೆ ಮಾಡಿ.

ಅದೇ ವರ್ಷ ಗಂಡ ಹೆಂಡತಿ ಸೇರಿ ಬೆಂಗಳೂರಿನಿಂದ 'ನಯಾ ದೌರ್' ಅನ್ನೋ ಉರ್ದು ಸಾಹಿತ್ಯ ಪತ್ರಿಕೆ ಶುರು ಮಾಡಿದ್ರು. ಹೊಸ ಕಾಲ ಅಂತ ಅರ್ಥ. ಉರ್ದು ಸಾಹಿತ್ಯ ಅಂದ್ರೆ ಲಾಹೋರು, ದೆಹಲಿ, ಲಖನೌ, ಹೈದರಾಬಾದು ಅನ್ನೋ ಕಾಲ ಅದು. ಉರ್ದು ರಾಜಭಾಷೆ ಅಲ್ಲದ ಮೈಸೂರು ಸಂಸ್ಥಾನದ ಊರಿನಿಂದ ಪತ್ರಿಕೆ ಹೊರಡಿಸಿ, ಆ ದೊಡ್ಡ ಊರುಗಳ ಲೇಖಕರಿಂದ ಬರೆಸೋದು ಅಂದ್ರೆ ಇವತ್ತು ಮಾನ್ವಿಯಲ್ಲಿ ಕೂತು ಮುಂಬೈನವರನ್ನ ಇಂಟರ್‌ವ್ಯೂ ಮಾಡಿದ ಹಾಗೆ. ನಡೆಯುತ್ತೆ, ಆದ್ರೆ ಯಾರೂ ನಂಬಲ್ಲ. ಇನ್ನೊಂದು ವಿಷಯ: ಅದೇ 1944ರಲ್ಲಿ ಬೆಂಗಳೂರಿನಲ್ಲಿ ಮಾಸ್ತಿಯವರು 'ಜೀವನ' ಪತ್ರಿಕೆಯ ಸಂಪಾದಕರಾದ್ರು. ಒಂದೇ ಊರು, ಒಂದೇ ವರ್ಷ, ಎರಡು ಭಾಷೆ, ಎರಡು ಪತ್ರಿಕೆ. ಕನ್ನಡ ಓದೋ ನಾವು ಒಂದರ ಹೆಸರು ಮಾತ್ರ ಕೇಳಿ ಬೆಳೆದಿದ್ದೀವಿ.

ಶಿರೀನ್ ಕತೆಗಾರ್ತಿ ಮಾತ್ರ ಆಗಿದ್ರೆ ನಾನು ಪೂರ್ತಿ ಎಪಿಸೋಡ್ ಮಾಡ್ತಿದ್ನೋ ಇಲ್ವೋ. ಅವರ ಮೊದಲ ಸಂಕಲನ 'ಅಪ್ನಿ ನಗರಿಯಾ'ದಲ್ಲಿ ಗಂಡ ಹೆಂಡಿರ ಪ್ರೀತಿಯ ಕತೆಗಳಿವೆ. ಚೆನ್ನಾಗಿವೆ, ಆದ್ರೆ ಕೆಲವು ನನಗೆ ಸ್ವಲ್ಪ ಜಾಸ್ತಿ ಸಿಹಿ. ನನ್ನನ್ನ ಹಿಡಿದು ನಿಲ್ಲಿಸಿದ್ದು ವಿಮರ್ಶಕಿ ಶಿರೀನ್. ಆಗ ಉರ್ದುವಿನಲ್ಲಿ ಕತೆಯ ವಿಮರ್ಶೆ ಅಂದ್ರೆ ಹೆಚ್ಚಾಗಿ ಕತೆ ಯಾರ ಪರ ಇದೆ, ಬಡವರ ಪರವೋ ಅಲ್ವೋ, ನೀತಿ ಇದೆಯೋ ಇಲ್ವೋ ಅಂತ ನೋಡೋದು. ಇವರು 'ತಕ್ನೀಕ್' ಅನ್ನೋ ಪದ ಹಿಡಿದು, ಕಾದಂಬರಿ ಮತ್ತು ಸಣ್ಣಕತೆಯಲ್ಲಿ ಎಷ್ಟು ಬಗೆಯ ತಂತ್ರ ಇರಬಹುದು ಅಂತ ಒಂದು ಉದ್ದ ಲೇಖನ ಬರೆದ್ರು. ಉರ್ದು ಎಂ.ಎ. ಓದೋರಿಗೆ ಇವತ್ತಿಗೂ ಆ ಲೇಖನ ತಪ್ಪಲ್ಲ.

ಅದರ ತಿರುಳನ್ನ ನಮ್ಮ ಕಡೆ ಉದಾಹರಣೆಯಲ್ಲಿ ಹೇಳ್ತೀನಿ. ಜೋಳದ ಹಿಟ್ಟು ಇದೆ ಅಂದ್ಕೊಳ್ಳಿ. ಅದು ವಿಷಯ. ಬಿಸಿನೀರು ಎಷ್ಟು ಹಾಕಿದ್ರಿ, ಎಷ್ಟು ನಾದಿದ್ರಿ, ಕೈಯಲ್ಲಿ ಹೆಂಗೆ ಬಡಿದ್ರಿ, ಅದು ತಂತ್ರ. ಹಂಚಿನಿಂದ ಇಳಿದ ರೊಟ್ಟಿ ರೂಪ. ನಾಲ್ಕು ಮನೆಗೆ ಒಂದೇ ಚೀಲದ ಹಿಟ್ಟು ಕೊಟ್ಟರೂ ನಾಲ್ಕು ಥರ ರೊಟ್ಟಿ ಬರ್ತವೆ. ಹಿಟ್ಟು ಒಳ್ಳೇದಿದ್ದ ಮಾತ್ರಕ್ಕೆ ರೊಟ್ಟಿ ಹರಿಯದೆ ಇರಲ್ಲ. ಕತೆಯೂ ಹಾಗೇ. ವಿಷಯ ದೊಡ್ಡದು, ಉದ್ದೇಶ ಒಳ್ಳೇದು ಅಂದ್ರೆ ಸಾಕಾಗಲ್ಲ.

ಈ ಮಾತು ಕ್ಲಾಸ್‌ರೂಮಿನ ಮಾತಾಗಿ ಉಳೀಲಿಲ್ಲ. ಯಾಕಂದ್ರೆ 1947 ಬಂತು.

ದೇಶ ಒಡೆದ ಮೇಲೆ ಶಿರೀನ್ ದಂಪತಿ ಕರಾಚಿಗೆ ಹೋದ್ರು. 'ನಯಾ ದೌರ್' ಕೂಡ ಹೋಯ್ತು, ಅಲ್ಲಿಂದ 1952ರವರೆಗೆ ನಡೀತು. ಪಂಜಾಬಿನಲ್ಲಿ ಆಗಿದ್ದನ್ನ ನೋಡಿ, ಕೇಳಿ ಉರ್ದು ಲೇಖಕರೆಲ್ಲ ಬರೆಯೋಕೆ ಶುರು ಮಾಡಿದ್ರು. ರಾಶಿ ರಾಶಿ ಕತೆ. ಶಿರೀನ್ ಕೂತು ಆ ಕತೆಗಳನ್ನ ಓದಿ, ಗಲಭೆಗಳು ಮತ್ತು ನಮ್ಮ ಕತೆಗಳು ಅನ್ನೋ ವಿಷಯದ ಮೇಲೆ ಬರೆದ್ರು. ನನ್ನ ಪ್ರಕಾರ ಅವರ ಎಲ್ಲಾ ಬರಹದಲ್ಲಿ ನಮಗೆ ಅತೀ ಹತ್ತಿರದ್ದು ಇದು.

ಆ ಕಾಲದ ಅತಿ ಹೆಸರಾದ ಕತೆಗಾರ ಕ್ರಿಶನ್ ಚಂದರ್. ಅವರ 'ಪೇಶಾವರ್ ಎಕ್ಸ್‌ಪ್ರೆಸ್' ಕತೆಯಲ್ಲಿ ರೈಲೇ ಮಾತಾಡುತ್ತೆ. ಪೇಶಾವರದಿಂದ ಹೊರಟು ಮುಂಬೈ ಕಡೆ ಬರುವಾಗ ಒಂದೊಂದು ಸ್ಟೇಷನ್‌ನಲ್ಲೂ ಕೊಲೆ. ಗಡಿಯ ಆ ಕಡೆ ಹಿಂದೂಗಳು, ಸಿಖ್ಖರು ಸಾಯ್ತಾರೆ. ಈ ಕಡೆ ಬಂದ ಮೇಲೆ ಮುಸ್ಲಿಮರು ಸಾಯ್ತಾರೆ. ಲೇಖಕರ ಮನಸ್ಸು ಒಳ್ಳೇದು, ಯಾರಿಗೂ ಅನ್ಯಾಯ ಆಗಬಾರದು ಅನ್ನೋ ಕಾಳಜಿ. ಆದ್ರೆ ಇಂಥ ಕತೆಗಳ ಬಗ್ಗೆ ಶಿರೀನ್ ಮತ್ತು ಅವರ ಹಿರಿಯ ಒಡನಾಡಿ ಮುಹಮ್ಮದ್ ಹಸನ್ ಅಸ್ಕರಿ ಎತ್ತಿದ ಆಕ್ಷೇಪ ಇದು: ಲೇಖಕ ತಕ್ಕಡಿ ಹಿಡಿದು ನಿಂತಿದ್ದಾನೆ. ಈ ತಟ್ಟೆಗೆ ಇಷ್ಟು ಹೆಣ ಹಾಕಿದ್ರೆ ಆ ತಟ್ಟೆಗೂ ಅಷ್ಟೇ ಹಾಕಬೇಕು ಅನ್ನೋ ಗಡಿಬಿಡಿಯಲ್ಲಿ ಒಬ್ಬ ಮನುಷ್ಯನೂ ಕಣ್ಣಿಗೆ ಕಾಣಲ್ಲ.

ಬಿ.ಕಾಂ ಭಾಷೆಯಲ್ಲಿ ಹೇಳೋದಾದ್ರೆ ಅದು ಬ್ಯಾಲೆನ್ಸ್ ಶೀಟ್. ಎಡಗಡೆ, ಬಲಗಡೆ ಮೊತ್ತ ಸರಿಹೊಂದಿದೆ, ಆಡಿಟರ್ ಸಹಿ ಹಾಕ್ತಾರೆ. ಆದ್ರೆ ಬ್ಯಾಲೆನ್ಸ್ ಶೀಟ್ ಓದಿ ಯಾರೂ ಅತ್ತಿಲ್ಲ.

ಹಾಗಾದ್ರೆ ಅವರಿಗೆ ಯಾವ ಥರ ಕತೆ ಬೇಕಿತ್ತು? ಎರಡು ಉದಾಹರಣೆ ಕೊಡ್ತೀನಿ. ಒಂದು, ಖುದ್ರತುಲ್ಲಾ ಶಹಾಬ್ ಅವರ 'ಯಾ ಖುದಾ'. ಇದಕ್ಕೆ ಮುನ್ನುಡಿ ಬರೆದವರೇ ಶಿರೀನ್. ದಿಲ್‌ಶಾದ್ ಅನ್ನೋ ಹೆಣ್ಣುಮಗಳು ಪೂರ್ವ ಪಂಜಾಬಿನಲ್ಲಿ ಅತ್ಯಾಚಾರಕ್ಕೆ ಒಳಗಾಗಿ, ಹೇಗೋ ಬದುಕಿ, ತನ್ನವರ ದೇಶ ಅಂತ ಪಾಕಿಸ್ತಾನಕ್ಕೆ ಬರ್ತಾಳೆ. ಅಲ್ಲಿ ನಿರಾಶ್ರಿತರ ಶಿಬಿರದಲ್ಲಿ ತನ್ನವರೇ ಅವಳನ್ನ ಹರಿದು ತಿಂತಾರೆ. ಪಾಕಿಸ್ತಾನ ಹುಟ್ಟಿ ಇನ್ನೂ ವರ್ಷ ಎರಡು ವರ್ಷ. ಅಲ್ಲಿಗೆ ಹೊಸದಾಗಿ ಬಂದು ನೆಲೆಸಿದ ಲೇಖಕಿ ಇಂಥ ಪುಸ್ತಕದ ಬೆನ್ನಿಗೆ ನಿಂತ್ರು. ಇದರಲ್ಲಿ ತಕರಾರೂ ಇದೆ. ಈ ಪುಸ್ತಕ ಸಿಖ್ಖರನ್ನ ತೋರಿಸಿದ ರೀತಿ ಸರಿಯಿಲ್ಲ ಅಂತ ಪ್ರಗತಿಶೀಲರು ಜಗಳ ತೆಗೆದ್ರು. ಅದನ್ನ ಪೂರ್ತಿ ತಳ್ಳಿಹಾಕೋಕೆ ನನಗೆ ಆಗಲ್ಲ. ಅಸ್ಕರಿಯವರು ಆಗ ಪಾಕಿಸ್ತಾನಿ ಸಾಹಿತ್ಯ, ಹೊಸ ದೇಶಕ್ಕೆ ನಿಷ್ಠೆ ಅಂತೆಲ್ಲ ವಾದ ಮಾಡ್ತಿದ್ದವರು, ಶಿರೀನ್ ಅವರಿಗೆ ಹತ್ತಿರದವರು. ಅವರೂ ಆ ಕಾಲದ ಗಾಳಿಯಲ್ಲೇ ಇದ್ರು.

ಎರಡನೇದು ಸಾದತ್ ಹಸನ್ ಮಂಟೋ. 1948ರಲ್ಲಿ ಬಂದ 'ಖೋಲ್ ದೋ' ಕತೆ ನಿಮ್ಮಲ್ಲಿ ಸುಮಾರು ಜನ ಯೂಟ್ಯೂಬ್‌ನಲ್ಲಿ ಕೇಳಿರ್ತೀರಿ. ಮಗಳು ಸಕೀನಾ ಕಳೆದುಹೋಗಿದ್ದಾಳೆ. ಅಪ್ಪ ಸಿರಾಜುದ್ದೀನ್ ಶಿಬಿರದಲ್ಲಿ ಎಂಟು ಜನ ಯುವಕರಿಗೆ ಹುಡುಕಿಕೊಡಿ ಅಂತ ಕೈ ಮುಗೀತಾನೆ. ಮುಂದಿನದ್ದು ನಾನು ಹೇಳಲ್ಲ, ಗೊತ್ತಿಲ್ಲದವರು ಓದಿ. ಆದ್ರೆ ಒಂದು ಪದ ನೋಡಿ. ಆ ಎಂಟು ಯುವಕರಿಗೆ ಮಂಟೋ ಬಳಸೋ ಪದ 'ರಜಾಕಾರ್'. ಉರ್ದುವಿನಲ್ಲಿ ರಜಾಕಾರ್ ಅಂದ್ರೆ ಸ್ವಯಂಸೇವಕ, ಅಷ್ಟೇ. ನಮ್ಮ ಜಿಲ್ಲೆಯಲ್ಲಿ ಆ ಪದ ಕೇಳಿದ್ರೆ ಅಜ್ಜಿಯಂದಿರ ಮುಖ ಬಿಳಿಚಿಕೊಳ್ಳುತ್ತೆ, ಕಾಸಿಂ ರಜ್ವಿಯ ಪಡೆ ನೆನಪಾಗುತ್ತೆ. ಒಂದೇ ವರ್ಷ, ಒಂದೇ ಪದ, ಲಾಹೋರಿನಲ್ಲಿ ಒಂದು ಅರ್ಥ, ರಾಯಚೂರಿನಲ್ಲಿ ಇನ್ನೊಂದು. ಮಂಟೋ ಆ ಪದವನ್ನ ಕತೆಯಲ್ಲಿ ಎಲ್ಲಿಗೆ ತಗೊಂಡು ಹೋಗ್ತಾರೆ ಅಂದ್ರೆ, ಎರಡೂ ಅರ್ಥ ಒಂದೇ ಕಡೆ ಬಂದು ನಿಲ್ತವೆ.

'ಖೋಲ್ ದೋ' ಅಚ್ಚಾದ ಪತ್ರಿಕೆಯನ್ನ ಸರ್ಕಾರ ಆರು ತಿಂಗಳು ಮುಚ್ಚಿಸಿತು. ಮಂಟೋ ಮೇಲೆ ಅಶ್ಲೀಲತೆಯ ಕೇಸುಗಳು ಬಿದ್ದವು. ಪ್ರಗತಿಶೀಲರೂ ಅವರನ್ನ ದೂರ ಇಟ್ರು. ಕನ್ನಡದಲ್ಲೂ ಸುಮಾರು ಅದೇ ಹೊತ್ತಿಗೆ ಅನಕೃ ಅವರ ಕಾದಂಬರಿಗಳ ಮೇಲೆ ಇಂಥದ್ದೇ ಗಲಾಟೆ ಆಯ್ತಲ್ಲ, ಹಾಗೆ. ಅಂಥ ಹೊತ್ತಲ್ಲಿ ಮಂಟೋ ಅವರನ್ನ ಗಂಭೀರವಾಗಿ, ಒಂದೊಂದು ಕತೆಯಾಗಿ ಓದಿ ಬರೆದವರಲ್ಲಿ ಶಿರೀನ್ ಮುಖ್ಯರು. ಆ ಬರಹಗಳು ಪುಸ್ತಕವಾಗಿ ಬಂದದ್ದು ಅವರು ತೀರಿಕೊಂಡ ಮೇಲೆ, 1985ರಲ್ಲಿ, 'ಮಂಟೋ: ನೂರೀ ನ ನಾರೀ' ಅಂತ. ನೂರ್ ಅಂದ್ರೆ ಬೆಳಕು, ದೇವದೂತರು ಅದರಿಂದಾದವರು. ನಾರ್ ಅಂದ್ರೆ ಬೆಂಕಿ, ಸೈತಾನ ಅದರಿಂದಾದವನು. ಮಂಟೋ ಬರೆದ ಮನುಷ್ಯ ಎರಡೂ ಅಲ್ಲ, ಮಣ್ಣಿನಿಂದಾದವನು ಅನ್ನೋದು ಆ ಶೀರ್ಷಿಕೆ ಹೇಳೋ ಮಾತು. ಕೊಲೆ ಮಾಡಿದವನೊಳಗೂ ಏನೋ ಉಳಿದಿರುತ್ತೆ, ಸಂಭಾವಿತನೊಳಗೂ ಏನೋ ಕೊಳೆತಿರುತ್ತೆ.

ಈಗ ನಮ್ಮ ಜಿಲ್ಲೆಗೆ ಬರೋಣ. 1948ರ ಸೆಪ್ಟೆಂಬರ್ 12ಕ್ಕೆ ಶಿರೀನ್ ಅವರಿಗೆ 24 ತುಂಬಿತು. ಹಿಂದಿನ ದಿನ ಕರಾಚಿಯಲ್ಲಿ ಜಿನ್ನಾ ತೀರಿಕೊಂಡಿದ್ರು. ಮಾರನೇ ದಿನ ಭಾರತದ ಸೈನ್ಯ ಹೈದರಾಬಾದ್ ರಾಜ್ಯದೊಳಗೆ ಬಂತು. ಅದಕ್ಕೆ ಮುಂಚೆ ರಜಾಕಾರರ ದಾಳಿಯಲ್ಲಿ ಹಳ್ಳಿಗಳು ಸುಟ್ಟವು, ಜನ ಸತ್ತರು. ಆಮೇಲೆ ಮುಸ್ಲಿಮರ ಮೇಲೆ ಹಿಂಸೆ ಆಯ್ತು. ನೆಹರು ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಪೊಲೀಸ್ ಆ್ಯಕ್ಷನ್ ಹೊತ್ತಿಗೆ ಮತ್ತು ಅದಾದ ಮೇಲೆ ಇಡೀ ರಾಜ್ಯದಲ್ಲಿ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಅಂತ ಅಂದಾಜು ಮಾಡ್ತು. ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳು ಅಂತ ಅದು ಹೇಳಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಆ ವರದಿ ದಶಕಗಳ ಕಾಲ ಜನರ ಕೈಗೇ ಸಿಗಲಿಲ್ಲ.

ಈ ಅಂಕಿ ಬೇಡ ಅಂತ ನಾನು ಹೇಳ್ತಿಲ್ಲ. ಇತಿಹಾಸ ಬರೆಯೋರಿಗೆ ಬೇಕು, ನ್ಯಾಯ ಕೇಳೋರಿಗೆ ಇನ್ನೂ ಬೇಕು. ಆದ್ರೆ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ ತಿರುಗೋ ಫಾರ್ವರ್ಡ್‌ಗಳನ್ನ ನೋಡಿ. ಒಂದು ಗ್ರೂಪಿನಲ್ಲಿ ಸೆಪ್ಟೆಂಬರ್ 13ಕ್ಕೆ ಕತೆ ಮುಗಿಯುತ್ತೆ, ಇನ್ನೊಂದರಲ್ಲಿ 18ಕ್ಕೆ ಶುರುವಾಗುತ್ತೆ. ಮೂರನೇ ಥರದವರು, ಅಂದ್ರೆ ನಮ್ಮಂಥ ಪಾಡ್‌ಕಾಸ್ಟ್‌ನವರು, ಯಾರಿಗೂ ಬೇಜಾರಾಗಬಾರದು ಅಂತ ಇಲ್ಲಿ ಎರಡು ನಿಮಿಷ, ಅಲ್ಲಿ ಎರಡು ನಿಮಿಷ ಹಂಚಿಬಿಡ್ತೀವಿ. ಶಿರೀನ್ ಬೈದದ್ದು ಈ ಮೂರನೆಯವರನ್ನೇ. ಅದಕ್ಕೇ ಅವರನ್ನ ಓದಿದಾಗ ನನಗೆ ಚುಚ್ಚಿತು. ಮಾನ್ವಿಯವರ ಅಜ್ಜನ ಕತೆಯಲ್ಲಿ ಒಂದು ವಿವರ ಇತ್ತು: ಓಡುವ ಗಡಿಬಿಡಿಯಲ್ಲೂ ಎಮ್ಮೆಯ ಹಗ್ಗ ಬಿಚ್ಚಿಬಿಟ್ಟು ಹೋದ್ರಂತೆ, ಕಟ್ಟಿದಲ್ಲೇ ಸುಟ್ಟುಹೋಗಬಾರದು ಅಂತ. ದೇವದುರ್ಗದವರು ಹೇಳಿದ್ದು, ಮನೆ ಬಿಟ್ಟಾಗ ಬೀಗದ ಕೈಯನ್ನ ಪಕ್ಕದ ಮನೆ ಗೌಡ್ರ ಹೆಂಡ್ತಿಗೆ ಕೊಟ್ಟು ಹೋದದ್ದು, ಅವರು ಮೂರು ತಿಂಗಳು ಬಿಟ್ಟು ಬಂದಾಗ ಅದನ್ನ ವಾಪಸ್ ಕೊಟ್ಟದ್ದು. ಯಾವ ಅಂಕಿಯಲ್ಲೂ ಈ ಎಮ್ಮೆ, ಈ ಬೀಗದ ಕೈ ಇಲ್ಲ. ಮುಂದಿನ ಎಪಿಸೋಡುಗಳಿಗೆ ನಿಮ್ಮಿಂದ ನನಗೆ ಬೇಕಾದದ್ದು ಇಂಥ ವಿವರ.

ಶಿರೀನ್ ಅವರ ಮುಂದಿನ ಬದುಕು ಬೇಗ ಹೇಳಿಬಿಡ್ತೀನಿ. ಕರಾಚಿಯಲ್ಲಿ ಇಂಗ್ಲಿಷ್ ಎಂ.ಎ. ಮಾಡಿದ್ರು. ಸ್ಟೈನ್‌ಬೆಕ್ ಅವರ 'ದಿ ಪರ್ಲ್' ಕಾದಂಬರಿಯನ್ನ 'ದುರ್‌-ಎ-ಶಹ್‌ವಾರ್' ಅಂತ ಉರ್ದುವಿಗೆ ತಂದ್ರು. ಎರಡನೇ ಕಥಾ ಸಂಕಲನ 'ಮೇಘ್ ಮಲ್ಹಾರ್' 1962ರಲ್ಲಿ ಬಂತು. ಅದರಲ್ಲಿ ಗ್ರೀಕ್ ಪುರಾಣವೂ ನಮ್ಮ ರಾಗಗಳ ಕತೆಯೂ ಬೆರೆತಿವೆ. ನನಗೆ ಅದರ ಶೀರ್ಷಿಕೆ ಕತೆ ಸ್ವಲ್ಪ ಭಾರ ಅನ್ನಿಸ್ತು, ಓದಿದ್ದನ್ನೆಲ್ಲ ಒಂದೇ ಕಡೆ ತುಂಬಿದ ಹಾಗೆ. ಆದ್ರೆ 'ಕಫ್ಫಾರಾ' ಅನ್ನೋ ಕತೆ, ಹೆರಿಗೆಯಲ್ಲಿ ಮಗುವನ್ನ ಕಳೆದುಕೊಂಡ ತಾಯಿಯದು, ಮರೆಯೋಕಾಗಲ್ಲ. ಮರುವರ್ಷ, 1963ರಲ್ಲಿ, ವಿಮರ್ಶೆಯ ಪುಸ್ತಕ 'ಮೆಯಾರ್'. 1973ರ ಮಾರ್ಚ್ 11ರಂದು ಇಸ್ಲಾಮಾಬಾದಿನಲ್ಲಿ ತೀರಿಕೊಂಡಾಗ ವಯಸ್ಸು 48. ಮಂಟೋ ಪುಸ್ತಕ ಅರ್ಧದಲ್ಲೇ ಇತ್ತು. ವಿಭಜನೆಯ ಕತೆಗಳ ಸಂಕಲನವೊಂದನ್ನ ಕಟ್ಟಿಟ್ಟಿದ್ರು, ಅದೂ ಅಚ್ಚಾಗಿರಲಿಲ್ಲ. ಕರಾಚಿಯ ಲೇಖಕ ಆಸಿಫ್ ಫರ್ರುಖಿ ಈ ಎರಡನ್ನೂ ಜೋಡಿಸಿ ಹೊರತಂದ್ರು. ಕತೆಗಳ ಸಂಕಲನ 1990ರಲ್ಲಿ ಬಂತು, ಹೆಸರು 'ಜುಲ್ಮತ್-ಎ-ನೀಮ್‌ರೋಜ್'. ನಡು ಮಧ್ಯಾಹ್ನದ ಕತ್ತಲು ಅಂತ ಅರ್ಥ.

ಇಷ್ಟೆಲ್ಲ ಬರೆದವರು ನಮ್ಮ ಪಠ್ಯದಲ್ಲಿ, ನಮ್ಮ ಮಾತಿನಲ್ಲಿ ಯಾಕಿಲ್ಲ? ಪಾಕಿಸ್ತಾನಕ್ಕೆ ಹೋದವರು ಅನ್ನೋದು ಒಂದು. ಆದ್ರೆ ಮಂಟೋ ಕೂಡ ಹೋದವರೇ, ಅವರು ಕನ್ನಡಕ್ಕೂ ಬಂದ್ರು. ನನಗೆ ಅನ್ನಿಸೋದು, ವಿಮರ್ಶೆ ಅನ್ನೋದು ಗಜಲ್ ಥರ ಸುಲಭವಾಗಿ ಭಾಷೆ ದಾಟಲ್ಲ. ನಮ್ಮ ರಾಯಚೂರಿನ ಶಾಂತರಸರನ್ನೇ ನೋಡಿ. ಅವರು ಹುಟ್ಟಿದ್ದೂ ಅದೇ 1924ರಲ್ಲಿ. ಉರ್ದು ಗಜಲನ್ನ ಕನ್ನಡದ ಬಾಯಿಗೆ ಒಗ್ಗಿಸಿದವರಲ್ಲಿ ದೊಡ್ಡ ಹೆಸರು, 2006ರಲ್ಲಿ ಬೀದರ್ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಅವರಿಂದಾಗಿ ಇವತ್ತು ನಮ್ಮ ಜಿಲ್ಲೆಯಲ್ಲಿ ಕನ್ನಡ ಗಜಲ್ ಬರೆಯೋರು ತುಂಬಾ ಜನ ಇದ್ದಾರೆ. ಉರ್ದು ವಿಮರ್ಶೆಗೆ ಅಂಥ ಸೇತುವೆ ಕಟ್ಟಿದವರು ಕಡಿಮೆ. ಇನ್ನೊಂದು ಕಾರಣ ಲಿಪಿ. ತೀನ್ ಕಂದಿಲ್‌ನಲ್ಲಿ ನಿಂತ್ರೆ 'ನಕ್ಕೋ', 'ಹೌ' ಅನ್ನೋ ದಖನಿ ಕಿವಿಗೆ ಬೀಳುತ್ತೆ. ಮಾತಾಡೋ ಹುಡುಗರಲ್ಲೇ ಎಷ್ಟೋ ಜನಕ್ಕೆ ಉರ್ದು ಓದೋಕೆ ಬರಲ್ಲ, ಇಂಗ್ಲಿಷ್ ಮೀಡಿಯಂ ಓದಿದವರು.

ಆದ್ರೆ ಫೋನ್ ಇದೆಯಲ್ಲ. ರೇಖ್ತಾ ಅನ್ನೋ ವೆಬ್‌ಸೈಟಿನಲ್ಲಿ ಮುಮ್ತಾಜ್ ಶಿರೀನ್ ಅಂತ ಹುಡುಕಿದ್ರೆ ಅವರ ಬರಹಗಳು ಸಿಗ್ತವೆ. ದುಡ್ಡು ಕೊಡಬೇಕಿಲ್ಲ. ಹಳೆಯ ಉರ್ದು ಪುಸ್ತಕ, ಪತ್ರಿಕೆಗಳನ್ನೂ ಅಲ್ಲಿ ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ. ಕತೆಗಳನ್ನ ದೇವನಾಗರಿಯಲ್ಲೂ ಹಾಕ್ತಾರೆ, ಹಿಂದಿ ಓದೋರಿಗೆ ಅಷ್ಟು ಸಾಕು. ಗೊತ್ತಾಗದ ಪದದ ಮೇಲೆ ಬೆರಳಿಟ್ರೆ ಅರ್ಥ ಬರುತ್ತೆ. ಮೊದಲು 'ಅಂಗ್ಡಾಯಿ' ಓದಿ. ಆಮೇಲೆ 'ಕಫ್ಫಾರಾ', ಅದನ್ನ ರಾತ್ರಿ ಒಬ್ರೇ ಇದ್ದಾಗ ಬೇಡ. 'ಮೇಘ್ ಮಲ್ಹಾರ್' ಕೊನೆಗಿಡಿ. ಮನೆಯಲ್ಲಿ ಉರ್ದು ಓದಬಲ್ಲ ನಾನಿ, ದಾದಿ ಅಥವಾ ನಿಜಾಮರ ಕಾಲದ ಸ್ಕೂಲಿಗೆ ಹೋಗಿದ್ದ ಅಜ್ಜ ಇನ್ನೂ ಇದ್ರೆ ಅವರ ಕೈಗೆ ಫೋನ್ ಕೊಟ್ಟು, ಅಕ್ಷರ ದೊಡ್ಡದು ಮಾಡಿ, ಜೋರಾಗಿ ಓದಿಸಿ ಕೇಳಿ.